ದಾರದಕ್ಕನ ಮುಖದ ಗುಳ್ಳೆಗಳು

ಹುಬ್ಬು ತೀಡುವುದರಲ್ಲಿ ದಾರದಕ್ಕನನ್ನು ಮೀರಿಸುವವರು ಆ ಸುತ್ತಮುತ್ತ ಯಾರೂ ಇರಲಿಲ್ಲ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಯ ಬೆರಳುಗಳಿಗೆ ಸುತ್ತಿ, ನಡುವೆ ಒಂದು ತಿರುವು ಹಾಕಿದಳೆಂದರೆ ಮುಗಿಯಿತು. ಕುರ್ಚಿಯಲ್ಲಿ ಕೂತವಳು "ಅಯ್ಯೋ" ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಒಂದು ಕಡೆಯ ಹುಬ್ಬು ತಯಾರಾಗಿರುತ್ತಿತ್ತು. ಹಲ್ಲಿನಲ್ಲಿ ದಾರವಿದ್ದರೂ ಅವಳ ನಾಲಿಗೆಗೆ ಬಿಡುವಿರಲಿಲ್ಲ. ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ತಂದು ಹುಬ್ಬಿನಲ್ಲಿ ಇಟ್ಟುಕೊಂಡರೆ ಎಷ್ಟು ತೀಡಿದರೂ ಗಂಟು ಹೋಗುವುದಿಲ್ಲ ತಾಯಿ, ಎಂದು ಒಬ್ಬಳಿಗೆ ಹೇಳುವಳು. ಗಂಡ ನೋಡಲಿ ಎಂದು ತೀಡಿಸಿಕೊಳ್ಳುತ್ತಿದ್ದರೆ ದುಡ್ಡು ದಂಡ, ಅವನಿಗೆ ನೀನು ಹುಬ್ಬೇ ಇಲ್ಲದೆ ಹೋದರೂ ಗೊತ್ತಾಗುವುದಿಲ್ಲ, ಎಂದು ಇನ್ನೊಬ್ಬಳಿಗೆ. ಹೆತ್ತವರು ಇಟ್ಟ ಹೆಸರೊಂದು ಎಲ್ಲೋ ಕಾಗದಪತ್ರಗಳಲ್ಲಿ ಇದ್ದಿರಬೇಕು. ಬೀದಿಯವರಿಗೆಲ್ಲ ಅವಳು ದಾರದಕ್ಕನೇ.

ಪಾರ್ಲರ್ ಇದ್ದದ್ದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಬುಡದ ಕೋಣೆಯಲ್ಲಿ. ಒಂದು ಪಕ್ಕದಲ್ಲಿ ಔಷಧಿ ಅಂಗಡಿ, ಇನ್ನೊಂದು ಪಕ್ಕದಲ್ಲಿ ಬೀಗದ ಕೈ ಮಾಡಿಕೊಡುವವನು. ಒಳಗೆ ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಒಂದು ಪರದೆ, ಪರದೆಯ ಹಿಂದೆ ಕಿರಿದಾದ ಮಂಚ, ಮೇಣ ಕಾಯಿಸುವ ಒಲೆ, ಡಬ್ಬಿಗಳ ಕಪಾಟು, ನೀರಿನ ನಲ್ಲಿ. ಮುಖದ ಕೆಲಸವೆಲ್ಲ ಅಕ್ಕನದು. ಕೂದಲು, ಕೈಕಾಲು, ವ್ಯಾಕ್ಸಿಂಗು ತಂಗಿಯದು. ಅಕ್ಕ ತಂಗಿಯರ ನಡುವೆ ಹದಿನಾರು ವರ್ಷದ ಅಂತರ. ತಾಯಿ ಹೋದಾಗ ತಂಗಿಗೆ ಇನ್ನೂ ಚಡ್ಡಿಯ ಲಾಡಿ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕ ಮದುವೆಯಾಗಿ ಹೋಗುವಾಗ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋದಳು. ಲಾರಿ ಓಡಿಸುವ ಭಾವ, ಹೆಂಡತಿಯ ಜೊತೆ ಒಂದು ಮಗುವೂ ಬಂತಲ್ಲ ಎಂದು ನಕ್ಕು ಸುಮ್ಮನಾದ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಆ ಮನೆಗೆ ಇವಳೇ ಮಗಳು, ಇವಳೇ ತಂಗಿ.

ಇನ್ನೊಬ್ಬರ ಕೆನ್ನೆಯ ಮೇಲೆ ಸಾಸಿವೆ ಕಾಳಿನಷ್ಟು ಕಲೆ ಇದ್ದರೂ ದಾರದಕ್ಕ ಬಾಗಿಲಲ್ಲೇ ಹಿಡಿಯುತ್ತಿದ್ದಳು. ತನ್ನ ಹೊಟ್ಟೆಯ ವಿಷಯಕ್ಕೆ ಬಂದರೆ ಮಾತ್ರ ಕುರುಡಿ. ಮಲದಲ್ಲಿ ರಕ್ತ ಕಂಡಾಗ ದಿನವಿಡೀ ನಿಂತು ಕೆಲಸ ಮಾಡುವವರಿಗೆ ಇದೆಲ್ಲ ಇದ್ದದ್ದೇ ಎಂದಳು. ತೂಕ ಇಳಿದಾಗ, ದುಡ್ಡು ಕೊಡದೆ ಸಣ್ಣಗಾದೆ ನೋಡು ಎಂದು ಗಿರಾಕಿಗಳ ಎದುರು ಸೊಂಟ ತೋರಿಸಿದಳು. ಕೊನೆಗೊಂದು ದಿನ ಮೇಣದ ಪಾತ್ರೆ ಹಿಡಿದುಕೊಂಡೇ ನೆಲಕ್ಕೆ ಕುಸಿದಳು. ಆಸ್ಪತ್ರೆಯವರು ಕ್ಯಾನ್ಸರ್ ಗಡ್ಡೆಯೆಂದು ದೊಡ್ಡ ಕರುಳಿನ ಒಂದು ತುಂಡನ್ನು ಕತ್ತರಿಸಿ ತೆಗೆದರು. ಗಡ್ಡೆ ಹೋಯಿತು, ಆದರೆ ಅದರ ಬೀಜ ಆಗಲೇ ಲಿವರಿಗೆ ಹೋಗಿ ಕೂತಿತ್ತು. ಸ್ಕ್ಯಾನಿನಲ್ಲಿ ಮೂರು ಚುಕ್ಕೆ.

ಡಾಕ್ಟರಮ್ಮನ ಕೋಣೆಗೆ ರೋಗಿಯ ಜೊತೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಭಾವ ಒಳಗೆ ಹೋದ. ತಂಗಿ ಹೊರಗಿನ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಳು. ಒಳಗೆ ಏನು ನಡೆಯಿತೆಂದು ಆಮೇಲೆ ಪಾರ್ಲರಿನಲ್ಲಿ ಭಾವ ಸ್ಟೂಲಿನ ಮೇಲೆ ಕೂತು ವಿವರಿಸಿದ. ದಾರಿಯಲ್ಲಿ ಕಂಡ ಅಪಘಾತವನ್ನು ಬಣ್ಣಿಸುವವನ ಹಾಗೆ ಕೈಯಾಡಿಸುತ್ತ ಹೇಳಿದ.

"ಜೀವಕೋಶಕ್ಕೆ ಹೊರಗಿಂದ 'ಬೆಳೆ, ಬೆಳೆ' ಅಂತ ಹುಕುಂ ಬರ್ತಿರತ್ತಂತೆ. ಅದನ್ನ ಹಿಡಿಯೋಕೆ ಅದರ ಮೈ ಮೇಲೆ ಒಂದು ಕೊಂಡಿ. ಹುಕುಂ ಕೊಂಡಿಗೆ ಸಿಕ್ಕಿತು ಅಂದ್ರೆ ಒಳಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ದಾಟ್ಕೊಂಡು ಹೋಗತ್ತೆ. ಈಗ ಕೊಡೋ ಔಷಧಿ ಹೋಗಿ ಆ ಕೊಂಡಿ ಮೇಲೇ ಕೂತ್ಬಿಡತ್ತೆ. ಆಮೇಲೆ ಹುಕುಂ ಬಂದು ತಲೆ ಚಚ್ಕೊಂಡ್ರೂ ಒಳಗೆ ಸುದ್ದಿ ಇಲ್ಲ."

ಎಲ್ಲರಿಗೂ ಇದು ನಡೆಯುವುದಿಲ್ಲವಂತೆ. ಕೆಲವರ ಗಡ್ಡೆಯಲ್ಲಿ ಸುದ್ದಿ ದಾಟಿಸುವವರಲ್ಲೇ ಒಬ್ಬ ಕೆಟ್ಟು, ಯಾರೂ ಹೇಳದಿದ್ದರೂ ತಾನಾಗಿಯೇ 'ಬೆಳೆ' ಎಂದು ಕೂಗುತ್ತಿರುತ್ತಾನಂತೆ. ಅಂಥವರಿಗೆ ಬಾಗಿಲಲ್ಲಿ ತಡೆದು ಏನು ಬಂತು? ಕತ್ತರಿಸಿದ ತುಂಡನ್ನು ಪರೀಕ್ಷೆ ಮಾಡಿದ್ದಾರೆ, ನಿಮ್ಮಕ್ಕನದು ಹಾಗಿಲ್ಲ, ಎಂದು ಭಾವ ಪರೀಕ್ಷೆಯಲ್ಲಿ ಪಾಸಾದವನಂತೆ ಬೀಗಿದ. ಚರ್ಮದಲ್ಲೂ ಅದೇ ಕೊಂಡಿ ಇರುವುದರಿಂದ ಮುಖದ ತುಂಬ ಗುಳ್ಳೆ ಏಳಬಹುದು, ಎಂದು ಅವನು ಮುಂದುವರಿಸುವಷ್ಟರಲ್ಲಿ ದಾರದಕ್ಕ, ಸಾಕು ಸಾಕು, ಅವಳಿಗ್ಯಾಕೆ ಅದೆಲ್ಲ, ಮೇಣ ಕಾದಿದೆಯಾ ನೋಡಲಿ, ಎಂದು ಮಾತು ತುಂಡರಿಸಿದಳು. ಹೆಂಡತಿಯ ಎದುರು ಅರ್ಧ ಮಾತನ್ನು ನುಂಗಿಕೊಳ್ಳುವುದು ಆ ಮನುಷ್ಯನಿಗೆ ಹಳೆಯ ಅಭ್ಯಾಸ. ನುಂಗಿಕೊಂಡ. ಆ ಅರ್ಧವನ್ನು ಅವತ್ತೇ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಎರಡು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಆ ಔಷಧಿಯ ಡ್ರಿಪ್. ಎರಡನೆಯದು ಮುಗಿಯುವ ಹೊತ್ತಿಗೆ ಗುಳ್ಳೆಗಳು ಎದ್ದವು. ಸ್ವಲ್ಪವಲ್ಲ, ಮೂಗು, ಕೆನ್ನೆ, ಗಲ್ಲ, ಹಣೆಯಂಚು, ಕುತ್ತಿಗೆಯಿಳಿದು ಎದೆಯವರೆಗೆ, ಕೆಂಪು ಕೆಂಪು, ತುದಿಯಲ್ಲಿ ಕೀವು. ನಕ್ಕರೆ ಉರಿ, ಬೆವರಿದರೆ ಉರಿ. ಬೆರಳ ತುದಿಗಳು ಬಿರುಕುಬಿಟ್ಟು ದಾರ ಎಳೆದರೆ ಬಿರುಕಿನೊಳಗೇ ಹೋಗಿ ಕೂರುತ್ತಿತ್ತು. ಟೇಪು ಸುತ್ತಿಕೊಂಡು ಎಳೆದಳು. ಬರುಬರುತ್ತ ರೆಪ್ಪೆಗೂದಲು ಮಾತ್ರ ಉದ್ದುದ್ದ ಬೆಳೆದು ಮೇಲಕ್ಕೆ ಸುರುಳಿಯಾಯಿತು. ದುಡ್ಡು ಕೊಟ್ಟು ಅಂಟಿಸಿಕೊಂಡು ಹೋಗುವವರು ಇದ್ದಾರೆ, ನನಗೆ ಪುಕ್ಕಟೆ, ಎಂದು ಅದರಲ್ಲೂ ತಮಾಷೆ ಮಾಡಿದಳು ಮಹಾತಾಯಿ.

ಗಿರಾಕಿಗಳು ತಮಾಷೆಗೆ ನಗಲಿಲ್ಲ. ಮುಖ ಚೆಂದ ಮಾಡಿಸಿಕೊಳ್ಳಲು ಬಂದವರಿಗೆ, ತಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ ಅಂಥ ಮುಖ ಬಾಗಿದರೆ ಹೇಗಾಗಬೇಡ? ಅಂಟುರೋಗವೇನೋ ಎಂದು ಮೆಲ್ಲಗೆ ಜಾರಿಕೊಂಡರು. ವರ್ಷಗಟ್ಟಲೆಯಿಂದ ಬರುತ್ತಿದ್ದ ಬ್ಯಾಂಕಿನಾಕೆ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ದಾರದಕ್ಕ ಬಾಗಿದ ಕೂಡಲೇ ಕಣ್ಣು ತೆರೆದು, ಏನೋ ಕೆಲಸ ಮರೆತೆ ಎಂದು ಎದ್ದಳು. ಹೋಗಿ ಬನ್ನಿ, ಹುಬ್ಬು ಎಲ್ಲಿಗೂ ಓಡಿಹೋಗುವುದಿಲ್ಲ, ಎಂದು ದಾರದಕ್ಕ ನಗುತ್ತಲೇ ಕಳಿಸಿದಳು. ಆಮೇಲೆ ಪರದೆಯ ಹಿಂದೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದಿನೊಳಗೆ ಅವಳ ಭುಜ ಅಲುಗುತ್ತಿದ್ದದ್ದನ್ನು ತಂಗಿ ಪರದೆಯ ಸಂದಿಯಿಂದ ನೋಡಿದಳು. ಆ ಬ್ಯಾಂಕಿನಾಕೆಯ ಜುಟ್ಟು ಹಿಡಿದು ಎಳೆದು ತರಬೇಕು ಅನಿಸಿತು ಅವಳಿಗೆ. ಅದು ಆಗದ ಮಾತು. ಆಗುವ ಮಾತೊಂದು ಕಪಾಟಿನ ಹಿಂದೆ ಇತ್ತು.

ಅದೊಂದು ಹೆಸರಿಲ್ಲದ ಬಿಳಿ ಡಬ್ಬಿ. ಚೀಲ ಹೊತ್ತುಕೊಂಡು ಪಾರ್ಲರಿನಿಂದ ಪಾರ್ಲರಿಗೆ ಅಲೆಯುವ ಕ್ರೀಮಿನವನು ಮಾರಿದ್ದು. ಒಳಗೆ ಏನಿದೆ ಎಂದರೆ ಗಿಡಮೂಲಿಕೆ ಎನ್ನುತ್ತಿದ್ದ. ಯಾವ ಗಿಡ ಎಂದರೆ ಹಲ್ಲು ಬಿಡುತ್ತಿದ್ದ. ಹಚ್ಚಿದರೆ ಎಂಥ ಮೊಡವೆಯೂ ಮೂರು ದಿನದಲ್ಲಿ ಮಲಗುತ್ತಿತ್ತು, ಅದು ನಿಜ. ಆದರೆ ಕಾಲೇಜಿನ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಹಚ್ಚಿ, ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ, ಒಳಗಿನ ಕೆಂಪು ನರಗಳು ಕಾಣತೊಡಗಿದ ಮೇಲೆ ದಾರದಕ್ಕ ಅವನನ್ನು ಮೆಟ್ಟಿಲಿನಿಂದಲೇ ಓಡಿಸಿದ್ದಳು. ಡಬ್ಬಿಗಳನ್ನೆಲ್ಲ ಚರಂಡಿಗೆ ಸುರಿಸಿದ್ದಳು. ಒಂದನ್ನು ತಂಗಿ ಎತ್ತಿಟ್ಟಿದ್ದಳು. ನಾಳೆ ಮದುವೆ, ಇವತ್ತು ಮೂಗಿನ ಮೇಲೆ ಗುಳ್ಳೆ ಎಂದು ಅಳುತ್ತ ಬರುವವರಿಗೆ ಅಕ್ಕನ ಕಣ್ಣು ತಪ್ಪಿಸಿ ಒಂದು ಬೊಟ್ಟು ಸವರುತ್ತಿದ್ದಳು.

ಆ ಕಸುಬಿನವರಿಗೆ ಒಂದು ಚಾಳಿ. ಯಾವ ಕ್ರೀಮನ್ನೂ ಇದ್ದ ಹಾಗೆ ಹಚ್ಚುವುದಿಲ್ಲ. ಅದರದೊಂದು ಚೂರು, ಇದರದೊಂದು ಚೂರು ಅಂಗೈಯಲ್ಲಿ ಕಲಸಿ, ತಮ್ಮದೇ ಒಂದು ಹದ ಮಾಡಿಕೊಳ್ಳುತ್ತಾರೆ. ತಂಗಿಗೆ ಅದನ್ನು ಕಲಿಸಿದವಳೂ ಅಕ್ಕನೇ. ಆಸ್ಪತ್ರೆಯವರು ಚರ್ಮ ಒಣಗದಿರಲೆಂದು ಒಂದು ದೊಡ್ಡ ಡಬ್ಬಿ ಮುಲಾಮು ಕೊಟ್ಟಿದ್ದರು, ಅಕ್ಕ ಬೆಳಿಗ್ಗೆ ಸಂಜೆ ಹಚ್ಚಿಕೊಳ್ಳುತ್ತಿದ್ದಳು. ಅವತ್ತು ಅಕ್ಕ ಚಹಾ ತರಲು ಹೋದಾಗ ತಂಗಿ ಬಿಳಿ ಡಬ್ಬಿಯ ಅರ್ಧ ಕ್ರೀಮನ್ನು ಆ ಮುಲಾಮಿಗೆ ಸುರಿದು, ಚಮಚದ ಹಿಡಿಯಿಂದ ಚೆನ್ನಾಗಿ ಕಲಸಿ, ಮೇಲ್ಭಾಗ ನುಣ್ಣಗೆ ಮಾಡಿ ಮುಚ್ಚಿಟ್ಟಳು. ಅಕ್ಕನಿಗೊಂದು ಉಪಕಾರ ಮಾಡಿದೆನೆಂದು ಅವಳ ಎದೆ ಉಬ್ಬಿತ್ತು.

ಗುಳ್ಳೆಗಳು ಮಲಗಿದವು. ಮೊದಲು ಕೀವು ಒಣಗಿತು, ಆಮೇಲೆ ಕೆಂಪು ಇಳಿಯಿತು. ವಾರ ಕಳೆಯುವಷ್ಟರಲ್ಲಿ ಹಳೆಯ ಮುಖ ಹೆಚ್ಚು ಕಡಿಮೆ ವಾಪಸು ಬಂದಿತ್ತು. ತಂಗಿ ಕಾದಳು. ಇವತ್ತು ಅಕ್ಕ ಕನ್ನಡಿ ನೋಡಿ ಹಿಗ್ಗುತ್ತಾಳೆ, ನಾಳೆ ಹಿಗ್ಗುತ್ತಾಳೆ. ಅಕ್ಕ ಕನ್ನಡಿಯನ್ನೇನೋ ನೋಡುತ್ತಿದ್ದಳು. ಬಾಗಿಲು ತೆಗೆದವಳೇ ದೀಪ ಹಾಕಿ, ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಗಲ್ಲ ಎತ್ತಿ, ಕೆನ್ನೆ ಎಳೆದು, ಗಿರಾಕಿಯ ಮುಖದಲ್ಲಿ ಕಲೆ ಹುಡುಕುವಂತೆ ತನ್ನ ಮುಖದಲ್ಲಿ ಹುಡುಕುತ್ತಿದ್ದಳು. ದಿನದಿಂದ ದಿನಕ್ಕೆ ಮಾತು ಕಡಿಮೆಯಾಯಿತು. ಊಟದ ತಟ್ಟೆ ಮುಟ್ಟಿದ ಹಾಗೆ ಮಾಡಿ ಸರಿಸುತ್ತಿದ್ದಳು. ಒಂದು ಬೆಳಿಗ್ಗೆ ತಂಗಿ ತಡೆಯಲಾರದೆ, ಮುಖ ಎಷ್ಟು ತಿಳಿಯಾಗಿದೆ ನೋಡಕ್ಕಾ, ಬ್ಯಾಂಕಿನವಳು ಈಗ ಬಂದು ನೋಡಬೇಕು, ಎಂದಳು. ದಾರದಕ್ಕ ತಿರುಗಿದಾಗ ಅವಳ ಕಣ್ಣುಗಳಲ್ಲಿ ಇದ್ದದ್ದನ್ನು ನೋಡಿ ತಂಗಿಯ ನಗು ಅಲ್ಲೇ ಒಣಗಿತು.

"ಗುಳ್ಳೆ ಬಂದ್ರೆ ಔಷಧಿ ಹಿಡೀತಿದೆ ಅಂತ ಗುರುತು ಅಂದಿದ್ರು ಕಣೇ ಡಾಕ್ಟ್ರು. ಬಂದಷ್ಟೂ ಒಳ್ಳೇದು ಅಂದಿದ್ರು. ಈಗ ಎಲ್ಲಾ ಹೋಯ್ತು."

ಅದೇ ಭಾವ ನುಂಗಿಕೊಂಡಿದ್ದ ಅರ್ಧ ಮಾತು. ತಂಗಿಗೆ ಹೇಳಿಬಿಟ್ಟು, ಆಮೇಲೆ ಗುಳ್ಳೆ ಬರದೇ ಹೋದರೆ ಆ ಹುಡುಗಿಯ ಮುಖ ಹೇಗೆ ನೋಡಲಿ ಎಂದು ದಾರದಕ್ಕ ಗಂಡನ ಬಾಯಿಗೆ ಬೀಗ ಹಾಕಿಸಿದ್ದಳು. ಗುಳ್ಳೆ ಎದ್ದಾಗ ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಒಳಗೊಳಗೆ ಕುಣಿದಿದ್ದಳಂತೆ. ಬ್ಯಾಂಕಿನಾಕೆ ಎದ್ದುಹೋದ ದಿನ ಪರದೆಯ ಹಿಂದೆ ಅತ್ತದ್ದು ಅವಮಾನಕ್ಕಲ್ಲವಂತೆ; ಜನ ಹೆದರಿ ಓಡುವಷ್ಟು ಗುಳ್ಳೆ ಎದ್ದಿದೆಯಲ್ಲ, ಹಾಗಾದರೆ ನಾನು ಬದುಕುತ್ತೇನೆ, ಎಂದು ಅತ್ತದ್ದಂತೆ.

ತಂಗಿಯ ಕಣ್ಣು ಮುಲಾಮಿನ ಡಬ್ಬಿಯತ್ತ ಹೋಯಿತು. ಹೇಳಿಬಿಡಬೇಕಿತ್ತು, ಆ ಗಳಿಗೆಯಲ್ಲೇ. ಅಕ್ಕಾ, ಗುಳ್ಳೆ ಹೋಗಿದ್ದು ನನ್ನ ಕ್ರೀಮಿನಿಂದ, ಎಂಬ ನಾಲ್ಕು ಮಾತು. ನಾಲಿಗೆ ಹೊರಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಅವಳ ಕುತ್ತಿಗೆ ಹಿಡಿದಿತ್ತು. ಗುಳ್ಳೆ ಎಂದರೆ ಔಷಧಿ ಮಾಡುವ ಕೆಲಸವಾದರೆ, ಗುಳ್ಳೆಯನ್ನು ಅಳಿಸಿದ ಕ್ರೀಮು ಔಷಧಿಯನ್ನೇ ಅಳಿಸಿತೋ ಏನೋ! ಚರ್ಮದಲ್ಲಿ ಇರುವ ಕೊಂಡಿಯೇ ಗಡ್ಡೆಯಲ್ಲೂ ಇರುವುದು ಎಂದು ಭಾವ ಹೇಳಿರಲಿಲ್ಲವೇ? ಆ ಕ್ರೀಮು ಚರ್ಮದ ಕೊಂಡಿಯಿಂದ ಔಷಧಿಯನ್ನು ಕಿತ್ತು ಹಾಕಿದ್ದರೆ, ರಕ್ತಕ್ಕಿಳಿದು ಲಿವರಿನಲ್ಲೂ ಕಿತ್ತು ಹಾಕಿರಬೇಕು. ಹಾಗಾದರೆ ಅಕ್ಕನನ್ನು ಕೊಲ್ಲುತ್ತಿರುವುದು ಕಾಯಿಲೆಯಲ್ಲ. ಚಮಚದ ಹಿಡಿಯಲ್ಲಿ ಕಲಸಿಟ್ಟ ತಾನು.

ಹೆದರಿದವರ ಬುದ್ಧಿ ಹೇಗೆ ಓಡುತ್ತದೆ ನೋಡಿ. ಅವತ್ತು ಸಂಜೆ ಅವಳು ಔಷಧಿ ಅಂಗಡಿಗೆ ಹೋಗಿ ಅದೇ ಮುಲಾಮಿನ ಹೊಸ ಡಬ್ಬಿ ತಂದು, ಕಲಬೆರಕೆಯದನ್ನು ಕಸಕ್ಕೆ ಹಾಕಿ, ಹೊಸದನ್ನು ಅದೇ ಜಾಗದಲ್ಲಿ ಇಟ್ಟಳು. ಎರಡು ದಿನದಲ್ಲಿ ಗುಳ್ಳೆ ಮತ್ತೆ ಏಳುತ್ತದೆ, ಅಕ್ಕ ನಗುತ್ತಾಳೆ, ತಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ ಎಂದುಕೊಂಡಳು. ಮಾರನೆಯ ಬೆಳಿಗ್ಗೆ ಡ್ರಿಪ್ಪಿನ ದಿನ. ಭಾವ ಲಾರಿ ತೆಗೆದುಕೊಂಡು ದೂರ ಹೋಗಿ ಆಗಲೇ ಎರಡು ವಾರವಾಗಿತ್ತು, ಬರುವುದು ಇನ್ನೂ ತಡವಿತ್ತು. ತಂಗಿ ಚೀಲ ಸಿದ್ಧ ಮಾಡಿಕೊಂಡು ಬಂದರೆ ದಾರದಕ್ಕ ಮಂಚದ ತುದಿಯಲ್ಲಿ ಕೂತಿದ್ದಳು, ಚಪ್ಪಲಿಯೂ ಹಾಕಿರಲಿಲ್ಲ. ಹೋಗುವುದಿಲ್ಲ ಎಂದಳು. ಸೋತ ಔಷಧಿಯನ್ನು ಸುಮ್ಮನೆ ಯಾಕೆ ಮೈಗೆ ಇಳಿಸಿಕೊಳ್ಳಲಿ, ಹೋದರೆ ಸ್ಕ್ಯಾನ್ ಮಾಡೋಣ ಅನ್ನುತ್ತಾರೆ, ಆ ಸುದ್ದಿ ನನಗೆ ಈಗಲೇ ಬೇಡ. ನಿನ್ನ ಭಾವನಿಗೆ ಹೇಳಿದರೆ ನನ್ನ ಹೆಣ ನೋಡುತ್ತೀಯ, ಎಂದಳು.

ತಂಗಿ ಬೇಡಿದಳು, ಕಾಲು ಹಿಡಿದಳು, ರೇಗಾಡಿದಳು. ಎಲ್ಲ ಮಾಡಿದಳು, ಹೇಳಬೇಕಾದದ್ದೊಂದನ್ನು ಬಿಟ್ಟು. ಈಗ ಅವಳ ಹೊಟ್ಟೆಯಲ್ಲಿ ಎರಡು ಗುಟ್ಟು: ಕ್ರೀಮಿನದು ಅಕ್ಕನಿಗೆ ಗೊತ್ತಿಲ್ಲ, ಡ್ರಿಪ್ಪಿನದು ಭಾವನಿಗೆ ಗೊತ್ತಿಲ್ಲ.

ಆಮೇಲಿನ ದಿನಗಳಲ್ಲಿ ಆ ಪಾರ್ಲರಿನಲ್ಲಿ ಇಬ್ಬರು ಹೆಂಗಸರು ಒಂದೇ ಮುಖವನ್ನು ಕಾಯುತ್ತಿದ್ದರು. ಒಬ್ಬಳು ಕನ್ನಡಿಯಲ್ಲಿ, ಇನ್ನೊಬ್ಬಳು ಅವಳ ಬೆನ್ನ ಹಿಂದಿನಿಂದ. ಅಲ್ಲಲ್ಲಿ ನಾಲ್ಕು ಗುಳ್ಳೆ ತಲೆ ಎತ್ತಿದವು, ಹಾಗೇ ಬಾಡಿದವು. ತಂಗಿ ಲೆಕ್ಕ ಹಾಕಿದಳು. ಕ್ರೀಮು ನಿಲ್ಲಿಸಿದರೂ ಗುಳ್ಳೆ ಬರುತ್ತಿಲ್ಲವೆಂದರೆ ಔಷಧಿ ನಿಜವಾಗಿ ಸತ್ತಿದೆ, ತಾನೇ ಕೊಂದಿದ್ದೇನೆ, ಇನ್ನು ಅನುಮಾನವೇ ಇಲ್ಲ. ಕೂದಲು ಕತ್ತರಿಸುವಾಗ ಕತ್ತರಿ ಗಿರಾಕಿಯ ಕಿವಿಗೆ ತಾಗಿತು. ಬೀದಿಯಲ್ಲಿ ಆಂಬುಲೆನ್ಸಿನ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅಕ್ಕನ ಕಡೆ ತಿರುಗುತ್ತಿದ್ದಳು. ಇತ್ತ ದಾರದಕ್ಕ ಇದ್ದಕ್ಕಿದ್ದಂತೆ ತಂಗಿಗೆ ಹುಬ್ಬಿನ ಕೆಲಸ ಕಲಿಸಲು ಹೊರಟಳು. ಬಾ, ನನ್ನ ಹುಬ್ಬಿನ ಮೇಲೇ ಕಲಿ, ಎಂದು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದಳು. ಇಷ್ಟು ವರ್ಷ ಆ ದಾರವನ್ನು ಇನ್ನೊಬ್ಬರ ಕೈಗೆ ಕೊಡದವಳು ಈಗ ಯಾಕೆ ಕೊಡುತ್ತಿದ್ದಾಳೆಂದು ತಂಗಿಗೆ ಗೊತ್ತಾಗದೆ ಇರುತ್ತದೆಯೇ? ಹಲ್ಲಿನಲ್ಲಿ ದಾರ ಕಚ್ಚಿಕೊಂಡು ನಿಂತವಳ ಕಣ್ಣೀರು ಅಕ್ಕನ ಹಣೆಯ ಮೇಲೆ ಬಿತ್ತು. ದಾರ ಸಡಿಲ ಬಿಡಬೇಡ, ಎಂದಳು ಅಕ್ಕ, ಕಣ್ಣು ತೆರೆಯದೆ.

ಎರಡು ವಾರ ಕಳೆದು ಮುಂದಿನ ಡ್ರಿಪ್ಪೂ ತಪ್ಪಿತು. ಅದಾದ ಎರಡು ದಿನಕ್ಕೆ ಭಾವನ ಫೋನು ಬಂತು. ದಾರಿ ಬದಿಯಲ್ಲೆಲ್ಲೋ ಲಾರಿ ನಿಲ್ಲಿಸಿ ಮಾಡಿದ್ದ, ಹಿಂದೆ ಹಾರ್ನ್‌ಗಳ ಗಲಾಟೆ. ದಾರದಕ್ಕನ ಬೆರಳಿಗೆ ಎಣ್ಣೆ ಮೆತ್ತಿತ್ತಾದ್ದರಿಂದ ಫೋನು ಮೇಜಿನ ಮೇಲೆ ಸ್ಪೀಕರಿನಲ್ಲೇ ಮಾತಾಡುತ್ತಿತ್ತು. ಅವನು ಊಟ ಕೇಳಲಿಲ್ಲ, ನಿದ್ದೆ ಕೇಳಲಿಲ್ಲ. ಕೇಳಿದ್ದು ಒಂದೇ.

"ಮುಖ ಹೇಗಿದೆ? ಗುಳ್ಳೆ ಇದಾವಾ?"

"ಅಯ್ಯೋ, ತುಂಬಾ ಇದಾವೆ. ಕಾಲಿಡೋಕೆ ಜಾಗ ಇಲ್ಲ."

ಆ ಕಡೆಯಿಂದ ಅವನು ನಕ್ಕ ನಗು ಪಾರ್ಲರನ್ನೆಲ್ಲ ತುಂಬಿತು. ಇರಲಿ ಇರಲಿ, ಚೆನ್ನಾಗಿ ಏಳಲಿ, ಕೆರೆದುಕೊಂಡು ಕೆಡಿಸಬೇಡ, ಎಂದ. ಹೂಂ ಎಂದಳು ದಾರದಕ್ಕ, ನುಣ್ಣನೆಯ ಕೆನ್ನೆಯನ್ನು ಮುಂಗೈಯಿಂದ ಒರೆಸಿಕೊಳ್ಳುತ್ತ. ಫೋನು ನಿಂತಿತು. ಅವಳ ಮುಖದಲ್ಲಿದ್ದ ನಗುವೂ ನಿಂತಿತು.

ತಂಗಿಗೆ ಇನ್ನು ತಡೆಯಲಾಗಲಿಲ್ಲ. ಹೋಗಿ ಷಟರನ್ನು ಅರ್ಧ ಎಳೆದಳು. ಕಪಾಟಿನ ಹಿಂದಿನಿಂದ ಬಿಳಿ ಡಬ್ಬಿ ತಂದು ಅಕ್ಕನ ಮಡಿಲಲ್ಲಿಟ್ಟು, ನೆಲದ ಮೇಲೆ ಕೂದಲಿನ ಚೂರುಗಳ ನಡುವೆಯೇ ಕೂತು, ಎಲ್ಲವನ್ನೂ ಹೇಳಿದಳು. ಬ್ಯಾಂಕಿನಾಕೆ, ಚಮಚದ ಹಿಡಿ, ಹೊಸ ಡಬ್ಬಿ, ಬಾಡಿಹೋದ ಗುಳ್ಳೆ. ಬೈಗುಳಕ್ಕೆ ತಯಾರಾಗಿಯೇ ಹೇಳಿದಳು. ಅಕ್ಕ ಹೊಡೆದರೂ ಹೊಡೆಸಿಕೊಳ್ಳುತ್ತಿದ್ದಳು.

ದಾರದಕ್ಕ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಒಂದು ಚೂರು ತೆಗೆದು ಬೆರಳುಗಳ ನಡುವೆ ತಿಕ್ಕಿದಳು. ಆಮೇಲೆ ಕೇಳಿದ ದನಿ ದಾರದಕ್ಕನದಾಗಿರಲಿಲ್ಲ, ಯಾವುದೋ ಸಣ್ಣ ಹುಡುಗಿಯದು.

"ಹಾಗಾದ್ರೆ... ಔಷಧಿ ಸೋತಿರಲಿಲ್ವಾ?"

"ಗೊತ್ತಿಲ್ಲಕ್ಕಾ. ನಾನೇ ಸೋಲಿಸಿದ್ನೋ ಏನೋ."

ಅರ್ಧ ಗಂಟೆಯಲ್ಲಿ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ದಾರದಕ್ಕ ಎಣ್ಣೆಯ ಕೈ ಕೂಡ ತೊಳೆದಿರಲಿಲ್ಲ. ಡಾಕ್ಟರಮ್ಮನ ಬಾಗಿಲಲ್ಲಿ ನರ್ಸು, ಹೊತ್ತಲ್ಲದ ಹೊತ್ತಿನಲ್ಲಿ ಬಂದಿದ್ದೀರಿ, ಈಗ ರೋಗಿ ಒಬ್ಬರೇ ಎಂದಾಗ, ಇವಳು ಬರದಿದ್ದರೆ ನಾನೂ ಬರುವುದಿಲ್ಲ, ಎಂದು ತಂಗಿಯ ರಟ್ಟೆ ಹಿಡಿದು ಒಳಗೆ ನಡೆದೇಬಿಟ್ಟಳು.

ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ಡಬ್ಬಿಯನ್ನು ನೋಡಿದರು, ಮೂಸಿದರು, ಮುಖ ಸಿಂಡರಿಸಿದರು. ಇದರಲ್ಲಿ ಗಿಡವೂ ಇಲ್ಲ ಮೂಲಿಕೆಯೂ ಇಲ್ಲ, ಜೋರಾದ ಸ್ಟೆರಾಯ್ಡ್ ಇರಬೇಕು, ಅಂಗಡಿಯಲ್ಲಿ ಇಂಥದ್ದನ್ನು ಇಡುವುದೇ ತಪ್ಪು, ಎಂದು ಗದರಿದರು. ಆದರೆ ಅದು ಇಳಿಸಿದ್ದು ಚರ್ಮದ ಊತವನ್ನು ಅಷ್ಟೇ. ಒಳಗೆ ಹೋದ ಔಷಧಿಯನ್ನು ಅದು ಕೆಡಿಸುವುದಿಲ್ಲ, ಗುಳ್ಳೆ ಜಾಸ್ತಿಯಾದವರಿಗೆ ನಾವೇ ಹಗುರವಾದದ್ದನ್ನು ಬರೆದು ಕೊಡುತ್ತೇವೆ, ಎಂದರು. ತಂಗಿಗೆ ಎಷ್ಟೋ ದಿನಗಳ ನಂತರ ಉಸಿರು ಹೊಟ್ಟೆಯ ತಳದವರೆಗೆ ಹೋಯಿತು. ಕುರ್ಚಿಯ ಕೈ ಹಿಡಿದುಕೊಂಡು, ಮತ್ತೆ ಕ್ರೀಮು ನಿಲ್ಲಿಸಿದ ಮೇಲೂ ಗುಳ್ಳೆ ಯಾಕೆ ಬರಲಿಲ್ಲ ಡಾಕ್ಟ್ರೇ, ಎಂದು ಕೇಳಿಯೂ ಬಿಟ್ಟಳು. ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಏನನ್ನೋ ನೋಡಿದರು. ಡ್ರಿಪ್ ಎರಡು ಸಲ ತಪ್ಪಿದೆಯಲ್ಲ ಎಂದರು.

"ಔಷಧಿನೇ ಒಳಗೆ ಹೋಗದಿದ್ರೆ ಗುಳ್ಳೆ ಎಲ್ಲಿಂದ ಬರಬೇಕಮ್ಮ?"

ಕೆಲಸ ಮಾಡುತ್ತಿದ್ದ ಔಷಧಿಯನ್ನು, ಕೆಲಸ ಮಾಡುತ್ತಿಲ್ಲವೆಂದು ಇವರೇ ನಿಲ್ಲಿಸಿದ್ದರು. ನಿಲ್ಲಿಸಿದ್ದರಿಂದ ಬಾರದೇ ಹೋದ ಗುಳ್ಳೆಯನ್ನು ಕಾಯುತ್ತ ಇನ್ನೊಮ್ಮೆ ನಿಲ್ಲಿಸಿದ್ದರು. ಗುಳ್ಳೆ ಒಂದು ಗುರುತು, ತೀರ್ಪಲ್ಲ, ಎಂದರು ಡಾಕ್ಟರಮ್ಮ. ಮುಖ ನೋಡಿ ನಾನು ಏನೂ ಹೇಳುವುದಿಲ್ಲ, ನಾಳೆಯೇ ಸ್ಕ್ಯಾನ್ ಆಗಲಿ.

ಸ್ಕ್ಯಾನಿನ ಫಲಿತಾಂಶಕ್ಕೆ ಕಾದ ದಿನಗಳನ್ನು ಹೇಗೆ ಹೇಳುವುದು? ಸ್ಕ್ಯಾನ್ ಎಂದು ಫೋನಿನಲ್ಲಿ ಕೇಳಿದ್ದೇ ಭಾವ ಲಾರಿಯನ್ನು ಇನ್ನೊಬ್ಬ ಚಾಲಕನಿಗೆ ಒಪ್ಪಿಸಿ, ಸಿಕ್ಕ ಬಸ್ಸು ಹತ್ತಿ ಬಂದ. ನಡೆದದ್ದನ್ನೆಲ್ಲ ಕೇಳಿ ಅಂಗಳಕ್ಕೆ ಹೋದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಲೆ ಹಿಡಿದು ಕೂತುಬಿಟ್ಟ. ತಂಗಿ ಅವನಿಗೆ ಎದುರಾಗದಂತೆ ಅಡಿಗೆಮನೆಯಲ್ಲೇ ಅಡಗಿದಳು. ಬೈದಿದ್ದರೆ ಹಗುರವಾಗುತ್ತಿತ್ತು, ಆ ಮನುಷ್ಯ ಬೈಯಲೂ ಇಲ್ಲ.

ಫಲಿತಾಂಶದ ದಿನ ಅವನು ಬಾಗಿಲವರೆಗೆ ಬಂದು, ನನಗೆ ಧೈರ್ಯ ಇಲ್ಲ, ನೀವಿಬ್ಬರೇ ಹೋಗಿ, ಎಂದು ಹೊರಗಿನ ಬೆಂಚಿನಲ್ಲಿ ಕೂತ. ಡಾಕ್ಟರಮ್ಮ ಪರದೆಯ ಮೇಲೆ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಪೆನ್ನಿನ ತುದಿಯಿಂದ ತೋರಿಸಿದರು. ಎರಡು ಚುಕ್ಕೆ ಅರ್ಧಕ್ಕರ್ಧ ಕುಗ್ಗಿವೆ. ಔಷಧಿ ಕೆಲಸ ಮಾಡಿತ್ತು, ಚೆನ್ನಾಗಿಯೇ ಮಾಡಿತ್ತು. ಪೆನ್ನು ಮೂರನೆಯದರ ಹತ್ತಿರ ಹೋಗಿ ನಿಂತಿತು. ಇದು ಬೆಳೆದಿದೆ, ಎಂದರು. ತುಂಬಾ ಅಲ್ಲ, ಸ್ವಲ್ಪ.

ತಂಗಿಗೆ ತನ್ನ ದನಿಯೇ ದೂರದಿಂದ ಬಂದಂತೆ ಕೇಳಿಸಿತು. ಆ ಎರಡು ಡ್ರಿಪ್ ತಪ್ಪಿದ್ದಕ್ಕಾ, ಎಂದು ಕೇಳಿದಳು.

"ಇರಬಹುದು. ತಪ್ಪದೇ ಇದ್ರೂ ಅದು ಬೇರೆ ದಾರಿ ಹುಡುಕ್ಕೊಂಡು ಬೆಳೀತಿತ್ತೋ ಏನೋ. ಈ ಕಾಯಿಲೆ ಹಾಗೇನೇ. ಇಂಥದ್ದೇ ಕಾರಣ ಅಂತ ನಾನೂ ಹೇಳೋಕಾಗಲ್ಲ, ಯಾರೂ ಹೇಳೋಕಾಗಲ್ಲ."

ಇವತ್ತಿನಿಂದಲೇ ಔಷಧಿ ಮತ್ತೆ ಶುರು ಮಾಡೋಣ, ಎರಡು ತಿಂಗಳು ಬಿಟ್ಟು ನೋಡೋಣ, ಮೂರನೆಯದು ಹಿಡಿತಕ್ಕೆ ಬಂದರೆ ಬಂತು, ಬಾರದಿದ್ದರೆ ಮುಂದಿನದನ್ನು ಯೋಚಿಸೋಣ, ಎಂದರು ಡಾಕ್ಟರಮ್ಮ. ಯಾರೂ ಹೇಳಲಾರರು ಎಂಬ ಆ ಮಾತು ತಂಗಿಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಹೌದು ಎಂದಿದ್ದರೆ ಅತ್ತು ಮುಗಿಸಬಹುದಿತ್ತು, ಇಲ್ಲ ಎಂದಿದ್ದರೆ ನಿದ್ದೆ ಮಾಡಬಹುದಿತ್ತು. ಇದು ಜೀವಮಾನವಿಡೀ ಜೊತೆಗೆ ಬರುವಂಥದ್ದು.

ಡ್ರಿಪ್ಪಿನ ಕೋಣೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು, ಪ್ರತಿಯೊಂದರ ಪಕ್ಕದಲ್ಲಿ ಕಂಬ, ಕಂಬಕ್ಕೆ ನೇತು ಹಾಕಿದ ಚೀಲ. ಕಿಟಕಿಯ ಪಕ್ಕದ ಕುರ್ಚಿ ಖಾಲಿಯಿತ್ತು. ದಾರದಕ್ಕ ಅದರಲ್ಲಿ ಕೂತು ತೋಳು ಮೇಲಕ್ಕೆ ಸರಿಸಿದಳು. ತಂಗಿ ಎದುರಿಗೆ ನಿಂತೇ ಇದ್ದಳು, ಕೂರುವ ಹಕ್ಕು ತನಗಿಲ್ಲ ಎನ್ನುವ ಹಾಗೆ. ಅಕ್ಕನ ಮುಖ ನೋಡಲಾಗದೆ ನೆಲ ನೋಡುತ್ತಿದ್ದಳು. ದಾರದಕ್ಕ ಸ್ಟೂಲನ್ನು ಕಾಲಿನಿಂದ ಅವಳತ್ತ ನೂಕಿದಳು.

"ಕೂತ್ಕೋ. ನೀನು ಹಚ್ಚಿದ್ದು ಕ್ರೀಮು. ಡ್ರಿಪ್ ಬಿಟ್ಟೋಳು ನಾನು. ಇದನ್ನ ಇನ್ನೊಂದು ಸಲ ಹೇಳಲ್ಲ, ತಲೇಲಿ ಇಟ್ಕೋ."

ತಂಗಿ ಕೂತಳು. ನರ್ಸು ನರ ಹುಡುಕುತ್ತ ಮುಂಗೈಯನ್ನು ತಟ್ಟಿದಳು, ಸೂಜಿ ಚುಚ್ಚಿ ಪಟ್ಟಿ ಅಂಟಿಸಿದಳು. ಕೊಳವೆಯೊಳಗೆ ಮೊದಲ ಹನಿ ಬಿತ್ತು, ಆಮೇಲೆ ಇನ್ನೊಂದು. ಇನ್ನು ಆ ಹನಿ ಹೋಗಿ ಕೊಂಡಿಗಳ ಮೇಲೆ ಕೂರಬೇಕು, ಮೂರನೆಯ ಚುಕ್ಕೆಯ ಮೇಲೂ ಕೂರಬೇಕು, ಅದು ಬೇರೆ ದಾರಿ ಹುಡುಕಿಕೊಂಡಿರಬಾರದು. ನರ್ಸು ಆಚೆ ಹೋದ ಮೇಲೆ ತಂಗಿ ಬಾಯಿ ಬಿಟ್ಟಳು.

"ಅಕ್ಕಾ, ನಂಗೆ ತುಂಬಾ ಭಯ ಆಗ್ತಿದೆ."

"ನಂಗೂ ಆಗ್ತಿದೆ ಕಣೇ. ಇಷ್ಟು ದಿನ ಒಬ್ಳೇ ಹೆದರ್ಕೊಂಡು ಸತ್ತೆ. ಹತ್ರ ಬಾ."

ತಂಗಿ ಸ್ಟೂಲನ್ನು ಕುರ್ಚಿಗೆ ತಾಗುವ ಹಾಗೆ ಎಳೆದುಕೊಂಡಳು.